ದೊಡ್ಡವರ ಮುಂದೆ ಕಾಗದ ಹಿಡಿದು ನಿಲ್ಲುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಧಾಟಿಯವು. ಅಧಿಕಾರದಲ್ಲಿದ್ದವರು, ಇಲ್ಲವೇ ಅವರ ಹೆಸರು ಹೇಳಿಕೊಂಡು ತಿರುಗುವವರು ಅನ್ಯಾಯ ಮಾಡುತ್ತಿದ್ದಾರೆ, ಕೇಳುವುದು ಹೇಗೆ ಎಂದು. ಬರೆದವರ ಹೆಸರು, ಊರು ಬಿಟ್ಟು ತಾಲೂಕು ಮಾತ್ರ ಕೊಟ್ಟಿದ್ದೇವೆ.

ನಮ್ಮ ಓಣಿಗೆ ಸಿಸಿ ರಸ್ತೆ ಮಾಡಿ ಆರು ತಿಂಗಳಾಗಿಲ್ಲ, ಆಗಲೇ ಕಡಿ ಎದ್ದಾವ. ಗುತ್ತಿಗೆದಾರ ದೊಡ್ಡ ಲೀಡರ್ ಕಡೆಯವ. ಆರ್‌ಟಿಐ ಹಾಕಿದ್ರ ‘ಮಾಹಿತಿ ಲಭ್ಯವಿಲ್ಲ’ ಅಂತ ಉತ್ತರ ಬಂತು. ಮುಂದೇನ್ ಮಾಡಬೇಕ್ರಿ? (ಹುನಗುಂದ ತಾಲೂಕು)

ನೀವು ಕಳಿಸಿದ ಅರ್ಜಿಯ ನಕಲು ನೋಡಿದೆವು. ‘ರಸ್ತೆ ಯಾಕೆ ಕಳಪೆಯಾಯಿತು, ಹೊಣೆ ಯಾರು’ ಎಂದು ಕೇಳಿದ್ದೀರಿ. ಮಾಹಿತಿ ಹಕ್ಕು ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ, ಅಧಿಕಾರಿಯ ವಿವರಣೆಯಲ್ಲ. ‘ಯಾಕೆ’ ಎಂದು ಬರೆದ ಅರ್ಜಿಗೆ ‘ಲಭ್ಯವಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಕಾರಣ ಬಿಡಿ, ಕಾಗದ ಕೇಳಿ.

ಹೊಸ ಅರ್ಜಿಯಲ್ಲಿ ಒಂದೇ ರಸ್ತೆ ಹಿಡಿಯಿರಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು. ಇದನ್ನು ಮೀರಿದ ಅರ್ಜಿಗಳೇ ಹೆಚ್ಚಾಗಿ ವಾಪಸ್ ಬರುತ್ತವೆ. ಕೇಳಬೇಕಾದವು ಇವು: ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕ ಅಂದರೆ ಎಂಬಿ ಪುಟಗಳು, ಬಿಲ್ಲು, ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಪರೀಕ್ಷೆಯ ವರದಿ, ಮೂರನೇ ವ್ಯಕ್ತಿ ತಪಾಸಣೆ ಆಗಿದ್ದರೆ ಅದರ ವರದಿ. ‘ದೃಢೀಕೃತ ನಕಲು’ ಎಂಬ ಪದ ಬಿಡಬೇಡಿ. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಹೇಳಬೇಕಾಗಿಲ್ಲ, 6(2)ನೇ ಕಲಂ ಅದನ್ನೇ ಹೇಳುತ್ತದೆ. ಕಾಮಗಾರಿ ಪಂಚಾಯತಿಯದೋ ಬೇರೆ ಇಲಾಖೆಯದೋ ಗೊತ್ತಿಲ್ಲದಿದ್ದರೂ ಅರ್ಜಿ ಕೆಡುವುದಿಲ್ಲ. 6(3)ರ ಪ್ರಕಾರ ಅವರೇ 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ದಾಟಿಸಬೇಕು.

ಬಹಳ ಮಂದಿ ಬಳಸದ ಒಂದು ಹಕ್ಕು 2(ಜೆ) ಕಲಮಿನಲ್ಲಿದೆ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಬಹುದು. ನೀವೇ ಹಾರೆ ತೆಗೆದುಕೊಂಡು ರಸ್ತೆ ಒಡೆದರೆ ಸಾರ್ವಜನಿಕ ಆಸ್ತಿ ಹಾನಿ ಎಂದು ನಿಮ್ಮ ಮೇಲೇ ಕೇಸು ಬೀಳುತ್ತದೆ. ಮಾದರಿಯನ್ನು ಅರ್ಜಿಯಲ್ಲೇ ಕೇಳಿ, ಅವರ ಎದುರಿಗೆ ತೆಗೆಸಿ, ಸೀಲು ಹಾಕಿಸಿಕೊಳ್ಳಿ.

ಎಂಬಿ ಕೈಗೆ ಬಂದಾಗ ಲೆಕ್ಕ ಹೀಗೆ ಹಾಕಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ 45 ಘನಮೀಟರ್ ಕಾಂಕ್ರೀಟ್. ಸಿಮೆಂಟು, ಮರಳು, ಕಡಿ 1:1.5:3 ಮಿಶ್ರಣವಾದರೆ ಘನಮೀಟರಿಗೆ ಸುಮಾರು 8 ಚೀಲ ಸಿಮೆಂಟು, ಒಟ್ಟು 360 ಚೀಲದ ಆಸುಪಾಸು. ದಪ್ಪ 15ರ ಬದಲು 10 ಸೆಂಟಿಮೀಟರ್ ಇದ್ದರೆ 15 ಘನಮೀಟರಿನ ದುಡ್ಡು ನೆಲಕ್ಕೆ ಬೀಳದೆ ಬೇರೆ ಕಡೆ ಹೋಗಿದೆ ಎಂದಾಯಿತು. ಅಂಚಿನಲ್ಲಿ ಮಾತ್ರ ಟೇಪು ಹಿಡಿದು ನಿಶ್ಚಿಂತೆಯಾಗಬೇಡಿ. ಅಂಚು ಕಣ್ಣಿಗೆ ಕಾಣುತ್ತದೆ ಎಂದು ಅಲ್ಲಿ ದಪ್ಪ ಹಾಕಿ ನಡುವೆ ತೆಳು ಮಾಡುವುದು ಹಳೇ ಕಸುಬು. ನಡುಭಾಗದ ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟ್ ತುಂಡು, ತೆಗೆಸಿದರೇ ನಿಜ ತಿಳಿಯುವುದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕೋರ್‌ಗಳ ಸರಾಸರಿ ಬಲ ನಿಗದಿತ ಬಲದ ಶೇ 85ಕ್ಕಿಂತ ಕಡಿಮೆ ಬರಬಾರದು, ಯಾವ ಒಂದು ಕೋರ್ ಕೂಡ ಶೇ 75ಕ್ಕಿಂತ ಇಳಿಯಬಾರದು. ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟಿದೆ ಎಂಬುದನ್ನು ಮೊದಲು ಓದಿ. ಅದು ಮುಗಿಯುವುದರೊಳಗೆ ದೂರು ಹೋದರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ. ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅವಧಿ ಮೀರಿ ಕೊಟ್ಟ ಮಾಹಿತಿಗೆ ನಕಲು ಶುಲ್ಕ ಕೇಳುವಂತಿಲ್ಲ. ತಡಮಾಡಿದ ಅಧಿಕಾರಿಗೆ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ದಂಡ ಬೀಳಬೇಕಾದರೆ ನೀವು ಅರ್ಜಿ ಕೊಟ್ಟ ತಾರೀಖಿಗೆ ಪುರಾವೆ ಬೇಕು. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಟೇಬಲ್ ಮೇಲೆ ಇಟ್ಟು ಬಂದ ಅರ್ಜಿ ಕೊಡದ ಅರ್ಜಿಗೆ ಸಮ.

ಸಕ್ಕರಿ ಕಾರ್ಖಾನಿ ಕಾಟಾದಾಗ ಪ್ರತಿ ಕಬ್ಬಿನ ಗಾಡಿಗೂ ತೂಕ ಕಡಿಮಿ ಬರತೈತಿ. ಮಾಲೀಕರು ರಾಜಕಾರಣದಾಗ ಇದ್ದವರು. ಬಿಲ್ಲೂ ಮೂರು ತಿಂಗಳು ತಡ. ಜಗಳಾ ತೆಗದ್ರ ಮುಂದಿನ ವರ್ಷ ಕಬ್ಬು ಕಡಿಯೋ ಟೋಳಿ ಕಳಸೂದಿಲ್ಲ ಅಂತಾರ. (ಮೂಡಲಗಿ ತಾಲೂಕು)

ಎರಡು ಬೇರೆ ಬೇರೆ ವಿಷಯ, ಬಿಡಿಸಿ ಹೇಳುತ್ತೇವೆ. ಮೊದಲು ತೂಕ.

‘ಕಾಟಾ ಹೊಡೆಯುತ್ತಾರೆ’ ಎಂದು ಬರೆದರೆ ಯಾವ ಇಲಾಖೆಯೂ ಕದಲುವುದಿಲ್ಲ. ಅಂಕಿ ಬೇಕು. ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ಪ್ರಸಕ್ತ ವರ್ಷದ ಮುದ್ರೆ ಇರುವ ಖಾಸಗಿ ವೇ ಬ್ರಿಡ್ಜಿನಲ್ಲಿ ತುಂಬಿದ ಗಾಡಿ ತೂಗಿಸಿ ಚೀಟಿ ತೆಗೆದುಕೊಳ್ಳಿ. ಟ್ರ್ಯಾಕ್ಟರ್ ಮತ್ತು ಎರಡೂ ಡಬ್ಬಿ ಒಟ್ಟಿಗೆ ಕಟ್ಟೆಯ ಮೇಲೆ ನಿಲ್ಲಬೇಕು. ಒಂದೊಂದೇ ಗಾಲಿ ಹತ್ತಿಸಿ ಕೂಡಿಸಿದ ತೂಕ ವಾದಕ್ಕೆ ನಿಲ್ಲುವುದಿಲ್ಲ. ಚೀಟಿಯಲ್ಲಿ ಗಾಡಿ ನಂಬರು, ತಾರೀಖು, ಗಂಟೆ ಇರಲಿ. ಯಾರ್ಡಿನಲ್ಲಿ ಒಂದು ರಾತ್ರಿ ನಿಂತ ಕಬ್ಬು ಒಣಗಿ ತೂಕ ಇಳಿಯುವುದು ನಿಜ, ಕಾರ್ಖಾನೆಯವರು ಹೇಳುವ ಮೊದಲ ನೆಪವೂ ಅದೇ. ಆದ್ದರಿಂದ ಎರಡು ತೂಕದ ನಡುವೆ ಒಂದೆರಡು ಗಂಟೆಗಿಂತ ಹೆಚ್ಚು ಅಂತರವಿಲ್ಲದ ಸರದಿಯನ್ನೇ ಪುರಾವೆಗೆ ಆರಿಸಿಕೊಳ್ಳಿ. ಎರಡನೇ ನೆಪ ಡೀಸೆಲ್. 60 ಲೀಟರ್ ಡೀಸೆಲ್ ಪೂರಾ ಖಾಲಿಯಾದರೂ ಇಳಿಯುವುದು ಸುಮಾರು 50 ಕಿಲೊ.

ಈಗ ಮುಖ್ಯವಾದದ್ದು. ಭಾರ ಬೇರೆ ಬೇರೆ ಇರುವ ಎರಡು ಗಾಡಿ ಹೋಲಿಸಿ ನೋಡಿ. ಹೊರಗೆ 20 ಟನ್ ತೂಗಿದ್ದು ಒಳಗೆ 19.2, ಹೊರಗೆ 10 ತೂಗಿದ್ದು ಒಳಗೆ 9.6 ಬಂದರೆ ವ್ಯತ್ಯಾಸ ಶೇ 4ರಂತೆ ಭಾರದ ಜೊತೆ ಬೆಳೆಯುತ್ತಿದೆ. ಇದು ತೂಕ ತೋರಿಸುವ ಇಂಡಿಕೇಟರಿನ ಹೊಂದಾಣಿಕೆಯಲ್ಲೇ ಇರುವ ದೋಷ, ಖಾಲಿ ಗಾಡಿ ತೂಗಿ ಕಳೆದರೂ ಹೋಗುವುದಿಲ್ಲ. 20ಕ್ಕೆ 19.5, 10ಕ್ಕೆ 9.5 ಬಂದರೆ ಅದು ಸೊನ್ನೆಯ ದೋಷ. ಅದೇ ಕಾಟಾದಲ್ಲಿ ಖಾಲಿ ಗಾಡಿಯನ್ನೂ ತೂಗಿದರೆ ಎರಡೂ ಕಡೆ ಅರ್ಧ ಟನ್ ಕಡಿಮೆ ತೋರಿಸಿ, ಕಳೆದಾಗ ಸರಿಹೋಗುತ್ತದೆ, ನಿಮಗೆ ನಷ್ಟವಿಲ್ಲ. ಖಾಲಿ ತೂಕವನ್ನು ಪ್ರತಿ ಸಲ ತೂಗದೆ ಕಂಪ್ಯೂಟರಿನಲ್ಲಿದ್ದ ಹಳೇ ಅಂಕಿ ಹಾಕಿದರೆ ಮಾತ್ರ ಆ ಅರ್ಧ ಟನ್ ಪೂರ್ತಿ ನಿಮ್ಮ ತಲೆಗೆ. ಹಾಗಾಗಿ ‘ಖಾಲಿ ಗಾಡಿಯನ್ನು ಪ್ರತಿ ಸಲ ತೂಗಿ’ ಎಂಬ ಒಂದೇ ಬೇಡಿಕೆಯಿಂದ ಅರ್ಧ ಆಟ ನಿಲ್ಲುತ್ತದೆ. ರವದಿ (ಕಬ್ಬಿನ ಒಣ ಎಲೆ, ಕಸ) ಹೆಸರಿನಲ್ಲಿ ಎಷ್ಟು ಕಡಿತ ಮಾಡಿದ್ದಾರೆ ಎಂಬುದು ಚೀಟಿಯಲ್ಲಿ ಬೇರೆಯಾಗಿ ನಮೂದಾಗಲಿ.

ಒಂದು ಗಾಡಿಯ ಚೀಟಿಗೆ ಬೆಲೆ ಕಮ್ಮಿ. ಬೇರೆ ಬೇರೆ ಊರಿನ 15–20 ರೈತರ ಚೀಟಿಗಳನ್ನು ಜೋಡಿಯಾಗಿ ಅಂಟಿಸಿ, ಎಲ್ಲರೂ ಸಹಿ ಮಾಡಿ, ತೂಕ-ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ. ಅದರ ನಕಲು ಜಿಲ್ಲಾಧಿಕಾರಿಗೂ ತಹಶೀಲ್ದಾರರಿಗೂ ಹೋಗಲಿ. ‘ಪೂರ್ವಸೂಚನೆ ಕೊಡದೆ, ಪರೀಕ್ಷಾ ತೂಕದ ಕಲ್ಲುಗಳೊಂದಿಗೆ, ರೈತ ಪ್ರತಿನಿಧಿಗಳ ಎದುರು ತಪಾಸಣೆ’ ಎಂದು ಬರೆಯಿರಿ. ಪೂರ್ವಸೂಚನೆ ಕೊಟ್ಟು ಬಂದ ತಪಾಸಣೆಯಲ್ಲಿ ಕಾಟಾ ತಪ್ಪು ತೋರಿಸಿದ್ದು ಅಪರೂಪ! ಟೋಳಿ ಕಳಿಸುವುದಿಲ್ಲ ಎಂಬ ಬೆದರಿಕೆಗೂ ಇದೇ ಮದ್ದು. ಒಬ್ಬನ ಕಬ್ಬು ಹೊಲದಲ್ಲಿ ಒಣಗಿಸಬಹುದು, ಇಪ್ಪತ್ತು ಮಂದಿಯದನ್ನು ಒಣಗಿಸಿದರೆ ಗಾಣಕ್ಕೇ ಕಬ್ಬು ಸಾಲುವುದಿಲ್ಲ. ಕಬ್ಬು ನೋಂದಣಿಯ ರಸೀದಿ ಮಾತ್ರ ಎಲ್ಲರ ಹತ್ತಿರವೂ ಇರಬೇಕು.

ಇನ್ನು ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. 1,80,000 ರೂಪಾಯಿ ಬಿಲ್ಲು 14 ದಿನದ ಮೇಲೆ 90 ದಿನ ತಡವಾದರೆ ಬಡ್ಡಿಯೇ ಸುಮಾರು 6,650 ರೂಪಾಯಿ. ಆದರೆ ಅದೇ ಆದೇಶದಲ್ಲಿ ‘ಬೇರೆ ಲಿಖಿತ ಕರಾರು ಇಲ್ಲದಿದ್ದರೆ’ ಎಂಬ ಮಾತಿದೆ. ನೋಂದಣಿ ಸಮಯದಲ್ಲಿ ಖಾಲಿ ಫಾರ್ಮಿನ ಮೇಲೆ ಸಹಿ ಮಾಡಿಸಿಕೊಳ್ಳುವುದು ಇದಕ್ಕೇ. ನಿಮ್ಮ ಸಹಿ ಇರುವ ಕರಾರಿನ ನಕಲು ಮೊದಲು ಕೇಳಿ. ಬಾಕಿ ಕೊಡದ ಕಾರ್ಖಾನೆಯಿಂದ ಭೂಕಂದಾಯ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಅರ್ಜಿಯಲ್ಲಿ ಅಸಲು, ಬಡ್ಡಿ ಎರಡನ್ನೂ ಬೇರೆಬೇರೆ ಬರೆಯಿರಿ. ಬಡ್ಡಿ ಬರೆಯದವನಿಗೆ ಬಡ್ಡಿ ಸಿಗುವುದಿಲ್ಲ.

ದರದ ಬಗ್ಗೆಯೂ ಗೊಂದಲವಿದೆ. 2025–26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಗೊತ್ತುಪಡಿಸುವ ಕನಿಷ್ಠ ದರ) ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇದು ಕಾರ್ಖಾನೆ ಬಾಗಿಲ ದರ, ಕಟಾವು ಮತ್ತು ಸಾಗಣೆ ಇದರಲ್ಲೇ ಕಳೆಯುತ್ತದೆ. 2025ರ ನವೆಂಬರ್‌ನಲ್ಲಿ ನಿಮ್ಮದೇ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕುಳಿತ ಮೇಲೆ ಸರ್ಕಾರ ಒಪ್ಪಿದ 3,300ನ್ನು ಇದರ ಪಕ್ಕದಲ್ಲಿಟ್ಟು ‘ಕಡಿಮೆಯಾಯಿತಲ್ಲ’ ಎಂದು ಹಲವರು ಬರೆದಿದ್ದಾರೆ. ಯಾವ ಇಳುವರಿಗೆ, ಕಟಾವು-ಸಾಗಣೆ ಸೇರಿಯೋ ಬಿಟ್ಟೋ ಎಂದು ನೋಡದೆ ಎರಡು ಅಂಕಿ ಹೋಲಿಸಲು ಬರುವುದಿಲ್ಲ.

ಖಾಸಗಿ ಕಾರ್ಖಾನೆಗೆ ನೇರವಾಗಿ ಆರ್‌ಟಿಐ ನಡೆಯುವುದಿಲ್ಲ. ಸಹಕಾರಿ ಸಂಘಗಳೂ ತಾವಾಗಿಯೇ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಸಕ್ಕರೆ ಇಲಾಖೆ, ಸಹಕಾರ ಇಲಾಖೆ, ಮಾಪನಶಾಸ್ತ್ರ ಇಲಾಖೆ ಕಾನೂನಿನ ಬಲದಿಂದ ಪಡೆಯಬಹುದಾದ ಮಾಹಿತಿಯನ್ನು ಆ ಇಲಾಖೆಯಿಂದ ಕೇಳಬಹುದು. ಕಾಟಾಕ್ಕೆ ಮುದ್ರೆ ಹಾಕಿದ ಪ್ರಮಾಣಪತ್ರ ಬೇಕೆಂದರೆ ಕಾರ್ಖಾನೆಯ ಗೇಟಿಗೆ ಹೋಗಬೇಡಿ, ಮುದ್ರೆ ಹಾಕಿದವರ ಕಚೇರಿಗೆ ಹೋಗಿ.

ಇದೆಲ್ಲಾ ಪೇಪರಿನ ಮಾತು. ಸಾಮಾನ್ಯ ಜನ ಎಲ್ಲಾದರೂ ಗೆದ್ದದ್ದು ಇದೆಯೇ? (ಇಳಕಲ್)

ಇದೆ, ದೂರವೂ ಅಲ್ಲ. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಭೂಮಿ ಗೊತ್ತುಪಡಿಸಲಾಗಿತ್ತು, ಹೆಚ್ಚಿನದು ಹಳ್ಳಿಯವರು ದನ ಮೇಯಿಸುವ, ಉರುವಲು ತರುವ ಜಾಗ. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದೇ ಅದರ ಹೆಸರು. ಸತ್ಯಾಗ್ರಹವನ್ನಷ್ಟೇ ಎಲ್ಲರೂ ನೆನೆಯುತ್ತಾರೆ. ಅದೇ ವರ್ಷ ಸುಪ್ರೀಂ ಕೋರ್ಟಿನಿಂದ ತಡೆ ತಂದದ್ದನ್ನು ಮರೆಯುತ್ತಾರೆ. ಕಂಪನಿ ಕೊನೆಗೆ ಮುಚ್ಚಿತು.

ಮಾಹಿತಿ ಹಕ್ಕು ಕಾಯ್ದೆಯ ಹಿಂದೆಯೂ ಕೂಲಿಯವರೇ ಇದ್ದಾರೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾದಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ ನಡೆಸಿತು. ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದುವುದು, ಇಷ್ಟೇ ಅದರ ವಿಧಾನ. ತಮ್ಮ ಕೈಗೆ ಸಿಗದ ಕೂಲಿಗೆ ತಮ್ಮ ಹೆಸರು ಇದ್ದದ್ದನ್ನು ಜನ ಅಲ್ಲೇ ಎದ್ದು ಹೇಳಿದರು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕುಳಿತರು. ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಬೆಳಗಾವಿ ಸೀಮೆಯಲ್ಲಿ ಗ್ರಾಕೂಸ್ ಸಂಘಟನೆಯ ಕೂಲಿಕಾರ ಹೆಣ್ಣುಮಕ್ಕಳು ಉದ್ಯೋಗ ಖಾತರಿ ಕೆಲಸಕ್ಕೆ ಅರ್ಜಿ ಕೊಟ್ಟು ತಾರೀಖು ಹಾಕಿದ ರಸೀದಿ ಇಲ್ಲದೆ ಪಂಚಾಯತಿ ಬಿಟ್ಟು ಕದಲದಿರುವುದೂ ಇದೇ ಪಾಠ.

ಆಶ್ರಯ ಮನೆಯ ಮುಂದಿನ ಕಂತು ಬಿಡಬೇಕಂದ್ರ 20,000 ಕೊಡು ಅಂತ ಪಂಚಾಯತಿ ಸದಸ್ಯ ಕೇಳತಾನ. ಶಾಸಕರ ಹೆಸರು ಹೇಳತಾನ. ನಾನು ವಿಧವಿ, ಎಲ್ಲಿಗೆ ಹೋಗಲ್ರಿ? (ಸಿಂದಗಿ ತಾಲೂಕು)

ತಾಯಿ, ಮೊದಲು ಒಂದು ಮಾತು. ಕಂತು ಬಿಡುವುದು ಸದಸ್ಯನ ಕೈಯಲ್ಲಿಲ್ಲ. ತಳಪಾಯ, ಕಿಟಕಿ, ಛಾವಣಿ, ಹೀಗೆ ಹಂತ ಮುಗಿದಂತೆ ಸ್ಥಳದ ಜಿಪಿಎಸ್ ಫೋಟೊ ಏರಿಸಿದರೆ ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಫಲಾನುಭವಿ ಸಂಖ್ಯೆ ಹೇಳಿ ಪಿಡಿಒ ಹತ್ತಿರ ಯಾವ ಹಂತದಲ್ಲಿ ನಿಂತಿದೆ ಎಂದು ಬರಹದಲ್ಲಿ ಕೇಳಿ. ಎಷ್ಟೋ ಸಲ ನಿಂತದ್ದು ಫೋಟೊ ಏರಿಸದ ಕಾರಣಕ್ಕೆ, ಇಲ್ಲವೇ ಆಧಾರ್ ಮತ್ತು ಖಾತೆಯ ಹೆಸರು ಹೊಂದದ ಕಾರಣಕ್ಕೆ.

ಅವನು ಹಣ ಕೇಳುವುದು ಮುಂದುವರಿದರೆ ವಿಜಯಪುರದ ಲೋಕಾಯುಕ್ತ ಪೊಲೀಸ್ ಕಚೇರಿಗೆ ಹೋಗಿ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಅವರಿಗೇ ಬಂದಿದೆ. ಪಂಚಾಯತಿ ಸದಸ್ಯನೂ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ಸೇವಕನೇ. ದುಡ್ಡು ಕೊಡುವ ಮೊದಲೇ ಹೋಗಬೇಕು. 2018ರ ತಿದ್ದುಪಡಿಯಿಂದ ಲಂಚ ಕೊಟ್ಟವರೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು.

ಅಲ್ಲಿ ನಡೆಯುವುದು ಹೀಗೆ: ಅವನು ಕೇಳಿದ್ದಕ್ಕೆ ಪುರಾವೆ ನೋಡುತ್ತಾರೆ, ನೋಟಿನ ನಂಬರು ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ, ಸಾಕ್ಷಿಗೆ ಇಬ್ಬರು ಪಂಚರು ಇರುತ್ತಾರೆ. ಅವನು ನೋಟು ಮುಟ್ಟಿದ ಮೇಲೆ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಕೇಸು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅವನು ಬಾಯಿಬಿಟ್ಟು ಕೇಳುವ ಮೊದಲೇ ಗಾಬರಿಯಲ್ಲಿ ಹಣ ಕೈಗೆ ತುರುಕುವುದು. ಕೇಳಿದ್ದು ಮತ್ತು ತೆಗೆದುಕೊಂಡದ್ದು ಎರಡೂ ಸಾಬೀತಾಗಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ‘ಎಷ್ಟು ಕೊಡಬೇಕ್ರಿ, ಯಾತಕ್ಕ್ರಿ’ ಎಂದು ಅವನ ಬಾಯಿಂದಲೇ ಬರುವಂತೆ ಮಾತಾಡಿ. ಅವನೊಂದಿಗೆ ಹಿಂದೆ ಕೈಗಡ ವ್ಯವಹಾರ ಇದ್ದರೆ ಪೊಲೀಸರಿಗೆ ಮೊದಲೇ ಹೇಳಿ, ‘ಸಾಲ ವಾಪಸ್ ಕೊಟ್ಟಳು’ ಎಂಬುದು ಅವರ ಖಾಯಂ ವಾದ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಅಳಿಸಬೇಡಿ, ಕತ್ತರಿಸಬೇಡಿ, ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ಹಂಚಬೇಡಿ. ಮೂಲ ಫೋನೇ ಸಾಕ್ಷಿ.

ಗ್ರಾಮಸಭೆಯಲ್ಲಿ ನಾವು ಒಪ್ಪದ ಠರಾವು ಆಮೇಲೆ ಪುಸ್ತಕದಲ್ಲಿ ಇರುತ್ತದೆ. ಸಹಿ ನಮ್ಮದೇ! (ಖಾನಾಪುರ ತಾಲೂಕು)

ಹಾಜರಿ ಸಹಿಯನ್ನು ಮೊದಲೇ ಮಾಡಿಸಿ, ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ಠರಾವು ಬರೆಯುತ್ತಾರೆ. ಸಹಿ ಮಾಡುವಾಗ ಪಕ್ಕದಲ್ಲಿ ‘ಹಾಜರಿಗೆ ಮಾತ್ರ’ ಎಂದು ಬರೆದು ಗಂಟೆ ಹಾಕಿ. ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆಸಿ ಪುಟದ ಫೋಟೊ ತೆಗೆದುಕೊಳ್ಳಿ. ಮರುವಾರ ನಡಾವಳಿಯ ದೃಢೀಕೃತ ನಕಲು ಕೇಳಿ ಫೋಟೊ ಜೊತೆ ಹೋಲಿಸಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕುಳಿತಿದ್ದರೆ ಆ ಆಕ್ಷೇಪವೂ ನಡಾವಳಿಯಲ್ಲಿ ದಾಖಲಾಗಲಿ. ಬಾಯಿಮಾತಿನ ಆಕ್ಷೇಪ ಸಭೆ ಮುಗಿಯುವಷ್ಟರಲ್ಲಿ ಗಾಳಿಗೆ ಹೋಗುತ್ತದೆ.

ದೂರು ಕೊಟ್ಟ ಮೇಲೆ ಮನೆ ಮುಂದೆ ಬಂದು ಬೆದರಿಸಿದರು. ಠಾಣೆಯಲ್ಲಿ ‘ಹೋಗ್ಲಿ ಬಿಡ್ರಿ’ ಅಂದರು. (ಮುದ್ದೇಬಿಹಾಳ ತಾಲೂಕು)

ಬರೀ ‘ಬೆದರಿಕೆ ಹಾಕಿದರು’ ಎಂದು ಬರೆದರೆ ಪೊಲೀಸರು ಅಸಂಜ್ಞೇಯ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಲಾಗದ ಅಪರಾಧ ಎಂದು ಎನ್‌ಸಿಆರ್ ಚೀಟಿ ಕೊಟ್ಟು ಕಳಿಸುತ್ತಾರೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಎಷ್ಟು ಗಂಟೆಗೆ, ಎಷ್ಟು ಜನ, ಹೊಸ್ತಿಲು ದಾಟಿ ಒಳಗೆ ಬಂದರೋ, ಕೈಯಲ್ಲಿ ಏನಿತ್ತು, ಮೈಮುಟ್ಟಿದರೋ, ಯಾರು ನೋಡಿದರು. ಸೇರಿಸಿಯೂ ಬರೆಯಬೇಡಿ, ಬಿಟ್ಟೂ ಬರೆಯಬೇಡಿ. ಸಂಜ್ಞೇಯ ಅಪರಾಧ ಇದ್ದರೆ ಎಫ್‌ಐಆರ್ ಕಡ್ಡಾಯ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ 173(4)ರಂತೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಅಲ್ಲಿ ಅಫಿಡವಿಟ್ ಕೇಳುತ್ತಾರೆ, ಎಸ್‌ಪಿಗೆ ಕಳಿಸಿದ ಅಂಚೆ ರಸೀದಿ ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ದೂರುದಾರರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯನ್ನು ಜಾರಿಗೆ ತರದೆ ಇಟ್ಟುಕೊಂಡಿರುವುದು ನಾಚಿಕೆಗೇಡು. ಕೇಸು ನಡೆಯುತ್ತಿದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಅದಕ್ಕಿಂತ ಮೊದಲು ಮಾಡಬೇಕಾದದ್ದು, ದಾಖಲೆಯ ಮೂರು ನಕಲು ಮೂರು ಮನೆಯಲ್ಲಿ ಇಡುವುದು, ಅದೇ ಮಾಹಿತಿಗೆ ಬೇರೆ ಊರಿನ ನಾಲ್ಕೈದು ಜನರಿಂದಲೂ ಅರ್ಜಿ ಹಾಕಿಸುವುದು. ಒಬ್ಬನನ್ನು ಹೆದರಿಸಿದರೆ ಕಾಗದ ನಿಲ್ಲುತ್ತದೆ ಎಂಬ ಲೆಕ್ಕ ಆಗ ತಪ್ಪುತ್ತದೆ.

ಹೊಲ ಮುಳುಗಡೆಗೆ ಹೋಯಿತು. ಪರಿಹಾರ ಕಡಿಮೆ. ‘ಸಾಹೇಬ್ರಿಗೆ ಹೇಳಿ ಹೆಚ್ಚು ಮಾಡಿಸ್ತೀನಿ, ಪಾಲು ಕೊಡಿ’ ಅಂತ ಮಧ್ಯವರ್ತಿ ಬಂದಾನ. (ಬೀಳಗಿ ತಾಲೂಕು)

ಪಾಲಿನ ಕರಾರಿಗೆ ಸಹಿ ಬೇಡ, ಖಾಲಿ ಚೆಕ್ಕು ಬೇಡ. ಐತೀರ್ಪಿನ, ಅಂದರೆ ಪರಿಹಾರ ಗೊತ್ತುಮಾಡಿದ ಆದೇಶದ ನಂತರ ಅದನ್ನು ಹೆಚ್ಚು ಮಾಡುವುದು ಸಾಹೇಬರಲ್ಲ, ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರ. 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಂ ಅಡಿ ನೀವೇ ಅರ್ಜಿ ಕೊಡಬಹುದು. ಐತೀರ್ಪಿನ ದಿನ ಹಾಜರಿದ್ದರೆ 6 ವಾರ. ಇಲ್ಲದಿದ್ದರೆ ನೋಟಿಸು ಮುಟ್ಟಿದ 6 ವಾರ ಅಥವಾ ಐತೀರ್ಪಾದ 6 ತಿಂಗಳು, ಯಾವುದು ಮೊದಲೋ ಅದು. ಚೆಕ್ಕು ತೆಗೆದುಕೊಳ್ಳುವಾಗ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದೇ ಸಹಿ ಮಾಡಿ. ಪಕ್ಕದ ಹೊಲದವರಿಗೆ ಅದೇ ಅಧಿಸೂಚನೆಯಲ್ಲಿ ಪ್ರಾಧಿಕಾರ ಹೆಚ್ಚು ಕೊಟ್ಟಿದ್ದರೆ, 64ರಡಿ ಅರ್ಜಿ ಹಾಕದೇ ಇದ್ದವರೂ ಆ ತೀರ್ಪಿನ ದಿನದಿಂದ 3 ತಿಂಗಳೊಳಗೆ 73ನೇ ಕಲಂ ಅಡಿ ಅಷ್ಟೇ ಕೇಳಬಹುದು. ಆ ತೀರ್ಪಿನ ನಕಲಿಗೆ ಇವತ್ತೇ ಅರ್ಜಿ ಹಾಕಿ. ನಕಲು ಸಿಗಲು ಹಿಡಿದ ದಿನಗಳನ್ನು ಈ ಮೂರು ತಿಂಗಳಲ್ಲಿ ಲೆಕ್ಕ ಹಿಡಿಯುವುದಿಲ್ಲ.